ನನ್ನ ಮುಳ್ಳು ಸುಳ್ಳು ಹೇಳುವುದಿಲ್ಲ

ನಾನು ಒಂದು ತೂಕದ ಯಂತ್ರ. ಜನ ಹತ್ತಿ ನಿಲ್ಲುತ್ತಾರಲ್ಲ, ಅಂಥದ್ದು. ಕಬ್ಬಿಣದ ಹಲಗೆ, ಮುಂದೆ ಗಾಜಿನ ಮುಖ, ಅದರೊಳಗೆ ಕಪ್ಪು ಮುಳ್ಳು. ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಮುದುಕ ತೂಕದ ಕಲ್ಲುಗಳನ್ನಿಟ್ಟು ಮೂರು ಸಲ ಪರೀಕ್ಷಿಸಿ, ಆಮೇಲೆಯೇ ಮುದ್ರೆ ಒತ್ತಿದ. ಆ ಮುದ್ರೆಯ ಮರ್ಯಾದೆಯನ್ನು ನಾನು ಇಂದಿಗೂ ಕಳೆದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಒಮ್ಮೆ ನನ್ನ ಮೇಲೆ ಆಪಾದನೆ ಬಂದಿತ್ತು.

ಮೊದಲು ಮಂಡ್ಯದ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದೆ. ಅಲ್ಲಿ ಬಂದವರೆಲ್ಲ ಚಪ್ಪಲಿ ಬಿಟ್ಟು, ವಾಚು ಬಿಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಉಸಿರು ಹಿಡಿದರೆ ತೂಕ ಇಳಿಯುತ್ತದೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ! ಡಾಕ್ಟರು ಹೊಸ ಯಂತ್ರ ತಂದಾಗ ನನ್ನನ್ನು ತಾವು ಓದಿದ್ದ ಕಾಲೇಜಿನ ಕ್ರೀಡಾ ಕೋಣೆಗೆ ಕೊಟ್ಟುಬಿಟ್ಟರು.

ಅದು ಕಬಡ್ಡಿಯ ಕಾಲೇಜು. ಟೂರ್ನಿಯಲ್ಲಿ ಎಂಬತ್ತೈದು ಕೆಜಿ ದಾಟಿದವನಿಗೆ ಅಂಕಣದಲ್ಲಿ ಜಾಗವಿಲ್ಲ. ಹಾಗಾಗಿ ಆ ಹುಡುಗರಿಗೆ ನಾನೆಂದರೆ ಪರೀಕ್ಷೆಗಿಂತ ಹೆಚ್ಚು ಭಯ. ಹತ್ತುವ ಮುನ್ನ ಬಗ್ಗಿ, ನನ್ನ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ತಂಡದ ಪದ್ಧತಿ. ನನಗದು ಹಿಡಿಸುತ್ತಿರಲಿಲ್ಲ. ಕೈಮುಗಿದ ಮಾತ್ರಕ್ಕೆ ನೂರು ಗ್ರಾಂ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಕೆಂಪರಾಜು ಆಗ ಬಿ.ಎ. ಎರಡನೇ ವರ್ಷದಲ್ಲಿದ್ದ. ರೈಡಿಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಟೂರ್ನಿಗೆ ಮೂರು ದಿನ ಇದ್ದಾಗ ಅವನ ತೂಕ ಎಂಬತ್ತೊಂಬತ್ತು. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಬಿಸಿಲಲ್ಲಿ ಓಡಿದ, ನೀರು ಮುಟ್ಟಲಿಲ್ಲ, ಎಂಬತ್ತೈದಕ್ಕೆ ಇಳಿದ. ಕಾಲೇಜು ಕಪ್ ಗೆದ್ದಿತು. ಅವನು ಕಪ್ ಎತ್ತಿಹಿಡಿದ ಫೋಟೋ ನನ್ನೆದುರಿನ ಗೋಡೆಗೆ ಬಂತು. ‘ಮೂರು ದಿನದಲ್ಲಿ ನಾಲ್ಕು ಕೆಜಿ’ ಎನ್ನುವುದು ಆ ಕೋಣೆಯ ಪುರಾಣವಾಯಿತು.

ಆಮೇಲೆ ಅವನು ಪೊಲೀಸ್ ತಂಡಕ್ಕೆ ಆಡಿದ, ಮಂಡಿ ಪೆಟ್ಟಾಗಿ ಆಟ ಬಿಟ್ಟ. ಹದಿನೈದು ವರ್ಷ ಕಳೆಯಿತು. ಅಷ್ಟರಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಬರುವುದನ್ನು ರೂಢಿ ಮಾಡಿಕೊಂಡಿತ್ತು. ಒಂದು ದಿನ ಪ್ರಿನ್ಸಿಪಾಲ್ ಮಾದಪ್ಪನವರು ಫೋಟೋದ ಮುಂದೆ ನಿಂತು, “ಇವ್ರನ್ನೇ ಕೋಚ್ ಆಗಿ ಕರೆಸೋಣ. ಮುಖ ನೋಡಿದ್ರೇ ಹುಡುಗರಿಗೆ ಹುರುಪು ಬರುತ್ತೆ,” ಎಂದರು.

ದೈಹಿಕ ಶಿಕ್ಷಣದ ವಿಶಾಲಾಕ್ಷಿ ಮೇಡಂ ಒಂದು ಕಾಲದ ಗುಂಡು ಎಸೆತದ ಆಟಗಾರ್ತಿ, ಮಾತನ್ನೂ ಹಾಗೆಯೇ ಎಸೆಯುವವರು. “ಅವ್ರು ಚೆನ್ನಾಗಿ ಆಡಿದ್ರು ಸರ್, ಒಪ್ತೀನಿ. ಕಲಿಸೋಕೆ ಬರುತ್ತಾ ಅಂತ ಯಾರಾದ್ರೂ ಕೇಳಿದೀರಾ?”

ಯಾರೂ ಕೇಳಿರಲಿಲ್ಲ. ನನ್ನನ್ನಂತೂ ಕೇಳುವವರೇ ಇಲ್ಲ. ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆ.

ಕೆಂಪರಾಜು ಬಂದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವನಿಗೆ ಕಲಿಸಲು ಬರುತ್ತಿತ್ತು. “ರೈಡರ್ ಕಣ್ಣು ನೋಡ್ಬ್ಯಾಡ ಕಣ್ಲಾ, ಸೊಂಟ ನೋಡು,” ಎಂದು ಒಂದೇ ವಾರದಲ್ಲಿ ಹುಡುಗರ ಹಿಡಿತ ತಿದ್ದಿದ. ಆದರೆ ಎರಡು ಮಾತಿಗೊಮ್ಮೆ ‘ನಮ್ಮ ಕಾಲದಲ್ಲಿ’ ಬರುತ್ತಿತ್ತು. ಅದು ಬಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಂಡದ ಒಳ್ಳೆಯ ಹಿಡಿತಗಾರ ಲೋಹಿತ. ಶುಕ್ರವಾರ ಟೂರ್ನಿ. ಸೋಮವಾರ ಅವನ ತೂಕ ಎಂಬತ್ತೆಂಟು.

“ಮೂರೇ ಕೆಜಿ. ನಾನು ನಾಕು ಇಳ್ಸಿದೀನಿ,” ಎಂದ ಕೆಂಪರಾಜು. ಮತ್ತೆ ಸ್ವೆಟರು, ಮತ್ತೆ ಬಿಸಿಲು. ಹುಡುಗ ಎಂಜಲು ನುಂಗದೆ ಲೋಟಕ್ಕೆ ಉಗಿಯುತ್ತಾ ಓಡಾಡಿದ. ಗುರುವಾರ ಮಧ್ಯಾಹ್ನ ನನ್ನ ಮೇಲೆ ನಿಂತಾಗ ಅವನ ಪಾದ ಒಣಗಿದ ಚರ್ಮದಂತಿತ್ತು. ಮುಳ್ಳು ಎಂಬತ್ತಾರರಲ್ಲಿ ನಿಂತಿತು.

“ಈ ಹಳೇ ಡಬ್ಬ ಸರಿ ಇಲ್ಲ,” ಎಂದ ಕೆಂಪರಾಜು.

ಡಬ್ಬ! ಇವನ ಎಂಬತ್ತೊಂಬತ್ತನ್ನೂ ಎಂಬತ್ತೈದನ್ನೂ ತೋರಿಸಿದ್ದು ಇದೇ ಡಬ್ಬ. ಆಗ ಸರಿಯಿದ್ದೆ, ಈಗ ಕೆಟ್ಟೆನೋ?

ವಿಶಾಲಾಕ್ಷಿ ಮೇಡಂ ಜಿಮ್ಮಿನಿಂದ ಇಪ್ಪತ್ತು ಕೆಜಿಯ ನಾಲ್ಕು ಪ್ಲೇಟುಗಳನ್ನು ಒಂದೊಂದಾಗಿ ಹೊತ್ತು ತಂದು ನನ್ನ ಮೇಲೆ ಪೇರಿಸಿದರು. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು, ಒಂದು ಕೂದಲಷ್ಟೂ ಆಚೀಚೆಯಿಲ್ಲ. ಆ ಗಳಿಗೆಯಲ್ಲಿ ನನಗಾದ ಹೆಮ್ಮೆ ಆ ಮುದ್ರೆ ಬಿದ್ದಾಗಲೂ ಆಗಿರಲಿಲ್ಲ.

“ಆಯ್ತು. ಲೋಹಿತ, ಇನ್ನೊಂದು ರೌಂಡ್ ಓಡು. ಬಂದು ಮತ್ತೆ ನಿಂತ್ಕೋ,” ಎಂದ ಕೆಂಪರಾಜು.

ಹುಡುಗ ಓಡಿ ಬಂದ. ಪದ್ಧತಿಯಂತೆ ಹಲಗೆ ಮುಟ್ಟಲು ಬಗ್ಗಿದ. ಬಗ್ಗಿದವನು ಏಳಲಿಲ್ಲ, ನನ್ನ ಮೇಲೆಯೇ ಬಿದ್ದ. ಅವನ ಹಣೆ ತಾಗಿ ನನ್ನ ಗಾಜು ಒಡೆಯಿತು.

ಮೇಡಂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಕ್ಕರೆ ಉಪ್ಪು ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಕಣ್ಣು ಬಿಟ್ಟ ಲೋಹಿತ ಪಕ್ಕದಲ್ಲಿ ಕುಳಿತ ಕೋಚನ್ನು ಕೇಳಿದ: “ಅಣ್ಣ, ನಿಮ್ಗೂ ಹಿಂಗೇ ಆಗಿತ್ತಾ?”

ಗೋಡೆಯ ಮೇಲೆ ಫೋಟೋ ಬಂದ ಮೇಲೆ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಕೆಂಪರಾಜು ಆ ಫೋಟೋ ಕಡೆ ಬೆರಳು ತೋರಿಸಿದ.

“ಕಪ್ ಎತ್ತಿದ್ನಲ್ಲ, ಅವತ್ತೇ ಉಚ್ಚೆ ಕೆಂಪಗೆ ಬಂತು. ಎರಡು ದಿನ ಬಂತು. ಎಲ್ರೂ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ರು, ಯಾರ್ಗೆ ಹೇಳ್ಲಿ? ಇವತ್ಗೂ ಕಿಡ್ನಿಗೆ ಮಾತ್ರೆ ನುಂಗ್ತೀನಿ.” ಆಮೇಲೆ ಆಟಗಾರರ ಪಟ್ಟಿ ತೆಗೆದು ಲೋಹಿತನ ಹೆಸರಿನ ಮೇಲೆ ಗೆರೆ ಎಳೆದ. “ನೀನು ಆಡಲ್ಲ. ಊಟ ಮಾಡು ಹೋಗು.”

ಲೋಹಿತ ಗಳಗಳನೆ ಅತ್ತ. ಅವನು ತಂಡದ ಜೊತೆ ಹೋಗಿ ಬೆಂಚಿನಲ್ಲಿ ಕುಳಿತ. ತಂಡ ಸೆಮಿಫೈನಲಿನಲ್ಲಿ ಎರಡು ಅಂಕದಿಂದ ಸೋತಿತು.

ಗಾಜು ಒಡೆದ ನನ್ನನ್ನು ಹರಿದ ನೆಟ್ಟುಗಳ ಪಕ್ಕದ ಮೂಲೆಗೆ ತಳ್ಳಿದ್ದರು. ಪ್ರಿನ್ಸಿಪಾಲರು ಒಳಗೆ ಬಂದು ಕೆಂಪರಾಜುವಿನ ಮೇಲೆ ರೇಗಿದ್ದನ್ನು ಅಲ್ಲಿಂದಲೇ ಕೇಳಿದೆ. “ಸ್ಟಾರ್ ಅಂತ ಕರೆಸಿದ್ವಿ. ಇರೋ ಒಳ್ಳೆ ಆಟಗಾರನ್ನೂ ಕೂರಿಸಿ ಸೋತು ಬಂದ್ರಲ್ಲ. ಕೊನೆಗೆ ತಂದಿದ್ದೇನು?”

“ಹನ್ನೆರಡು ಜನ ಹುಡುಗರ್ನ ಕರ್ಕೊಂಡು ಹೋಗಿದ್ದೆ ಸಾ. ಹನ್ನೆರಡು ಜನಾನೂ ನೆಟ್ಟಗೆ ವಾಪಸ್ ತಂದಿವ್ನಿ. ನಮ್ ಕಾಲ್ದಲ್ಲಿ ಹಂಗಾಗಿರ್ಲಿಲ್ಲ.”

‘ನಮ್ಮ ಕಾಲದಲ್ಲಿ’ ಎಂಬ ಮಾತು ಅಂದು ಮೊದಲ ಬಾರಿಗೆ ನನ್ನ ಮೈ ಉರಿಸಲಿಲ್ಲ.

“ನಾಳೆಯಿಂದ ಬರೋದು ಬೇಡ,” ಎಂದು ಪ್ರಿನ್ಸಿಪಾಲರು ಹೊರಟುಹೋದರು.

ಇಂದೋ ನಾಳೆಯೋ ಗುಜರಿಯವನು ಬಂದು ನನ್ನನ್ನು ಒಯ್ಯುತ್ತಾನೆ. ಒಯ್ಯಲಿ, ಕಬ್ಬಿಣಕ್ಕೆ ಕರಗುವ ಭಯವಿಲ್ಲ. ಆದರೆ ಹಳೆಯ ಆಟಗಾರರು ವಾಪಸ್ ಬರಬೇಕೇ ಎಂದು ಯಾರಾದರೂ ಈಗ ಕೇಳಿದರೆ, ನನ್ನ ಮೊದಲಿನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೆದ್ದ ಕಥೆ ಹೇಳಲು ಬರುವುದಾದರೆ ಬರುವುದೇ ಬೇಡ. ಗೆಲುವಿಗೆ ತಾವು ತೆತ್ತದ್ದನ್ನು ಹುಡುಗರ ಮುಂದೆ ಬಾಯಿಬಿಟ್ಟು ಹೇಳಬಲ್ಲವರಾದರೆ ಬರಲಿ, ಯಾರು ತಡೆದರೂ ಬರಲಿ.

ಪ್ರಿನ್ಸಿಪಾಲರು ಬರೋದು ಬೇಡ ಎಂದ ಮರುದಿನವೇ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಕೆಂಪರಾಜುವಿನ ವಿಸಲ್ ಕೇಳಿಸಿತು. ಅವನಿಗೆ ಗೇಟು ತೆರೆದವರು ವಿಶಾಲಾಕ್ಷಿ ಮೇಡಂ. ಹನ್ನೆರಡು ಮಂದಿಯ ಸಾಲಿನಲ್ಲಿ ಲೋಹಿತನೂ ನಿಂತಿದ್ದ, ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು.