ಗ್ರಹಣಕ್ಕೆ ನಿಲ್ಲುತ್ತಿದ್ದ ಒನಕೆ

ನಾನು ಒಂದು ಒನಕೆ. ಗದಗ ಸೀಮೆಯ ಒಂದು ಹಳ್ಳದ ದಂಡೆಯಲ್ಲಿ ಕರಿಜಾಲಿ ಮರದ ಕೊಂಬೆಯಾಗಿ ಬೆಳೆದವನು. ಬಡಿಗೇರ ಮೌನೇಶಪ್ಪ ಎಂಬವನು ನನ್ನನ್ನು ಕಡಿದು, ಹಿಡಿಯಲು ಬರುವಂತೆ ನಡು ಸಣ್ಣ ಮಾಡಿ, ಬುಡವನ್ನು ಸಪಾಟಾಗಿ ಕೊಯ್ದು, ಅದಕ್ಕೊಂದು ಕಬ್ಬಿಣದ ಬಳೆ ತೊಡಿಸಿದ. ಕೆಲಸ ಮುಗಿದ ಮೇಲೆ ನೆಲದ ಮೇಲೆ ನಿಲ್ಲಿಸಿ ಕೈ ಬಿಟ್ಟ. ನಾನು ನಿಂತೆ. ಅವತ್ತು ಹುಣ್ಣಿಮೆಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ, ಗ್ರಹಣವಂತೂ ಅಲ್ಲವೇ ಅಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ನಾನು ಸೇರಿದ ಮನೆಗೆ ಕೆಲವು ವರ್ಷಗಳ ನಂತರ ನೀಲಗಂಗವ್ವ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ಅವಳ ಅಂಗೈಯಲ್ಲಿ ನನ್ನಿಂದ ಬೊಬ್ಬೆ ಎದ್ದವು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಬಾರದು ಎನ್ನುತ್ತಾರೆ. ಒನಕೆ ಹಿಡಿದವಳ ಪಾಡು ಏನೆಂದು ಯಾರೂ ಹೇಳುವುದಿಲ್ಲ. ಮೆಣಸಿನಕಾಯಿ ಕುಟ್ಟುವಾಗ ಅವಳು ಅಳುತ್ತಿದ್ದಳು. ಅತ್ತೆ ಕೇಳಿದರೆ ಖಾರದ ಘಾಟು ಎನ್ನುತ್ತಿದ್ದಳು. ಘಾಟು ಅಲ್ಲವೆಂದು ನನಗೆ ಗೊತ್ತಿತ್ತು. ಹಾಗೆ ನಾವಿಬ್ಬರೂ ಹತ್ತಿರವಾದೆವು, ಅಥವಾ ನಾನು ಹಾಗೆ ತಿಳಿದುಕೊಂಡೆ.

ಆಮೇಲೆ ಊರಿಗೆ ಗಿರಣಿ ಬಂತು. ನನ್ನನ್ನು ಯಾರೂ ಬೈಯಲಿಲ್ಲ, ಮುರಿದು ಒಲೆಗೆ ಹಾಕಲಿಲ್ಲ. ಪಡಸಾಲೆಯ ಮೂಲೆಗೆ ಒರಗಿಸಿ ಮರೆತುಬಿಟ್ಟರು. ಜೇಡ ಬಂದು ಬಲೆ ಕಟ್ಟಿತು. ಮನೆಯವರು ನನ್ನ ಮುಂದಿನಿಂದಲೇ ಓಡಾಡುತ್ತಿದ್ದರು. ಮೂಲೆಯಲ್ಲಿರುವವರಿಗೆ ಎಲ್ಲರೂ ಕಾಣುತ್ತಾರೆ, ಅವರು ಮಾತ್ರ ಯಾರಿಗೂ ಕಾಣುವುದಿಲ್ಲ.

ನನ್ನನ್ನು ಉಳಿಸಿದ್ದು ಗ್ರಹಣ. ನಮ್ಮ ಕಡೆ ಗ್ರಹಣ ಹಿಡಿದಾಗ ಪರಾತವೆಂಬ ಅಗಲ ತಟ್ಟೆಯಲ್ಲಿ ಅರಿಶಿಣದ ನೀರು ಹಾಕಿ, ನಡುವೆ ಒನಕೆ ನಿಲ್ಲಿಸುವ ಪದ್ಧತಿ ಇದೆ. ಗ್ರಹಣ ಹಿಡಿದಿದ್ದರೆ ಒನಕೆ ತಾನಾಗಿ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆ. ಉಳಿದ ಮನೆಗಳ ಒನಕೆಗಳ ಬುಡ ಸವೆದು ಗುಂಡಗಾಗಿತ್ತು. ಓಣಿಯಲ್ಲಿ ನೆಟ್ಟಗೆ ನಿಲ್ಲುವವನು ನಾನೊಬ್ಬನೇ. ಹಾಗಾಗಿ ಹೆಂಗಸರು, ಮಕ್ಕಳು ಎಲ್ಲರೂ ನೀಲಗಂಗವ್ವನ ಪಡಸಾಲೆಗೆ ಬರುತ್ತಿದ್ದರು. ಪಕ್ಕದ ಮನೆಯ ಕಸ್ತೂರೆವ್ವ ಕೈ ಮುಗಿದು, “ನಿನ್ನ ಕೈಗುಣ ದೊಡ್ಡದು ಬಿಡು, ನೀಲಗಂಗವ್ವ” ಎನ್ನುತ್ತಿದ್ದಳು. ನೀಲಗಂಗವ್ವನ ಮುಖ ಅರಳುತ್ತಿತ್ತು. ನನ್ನದೂ ಅರಳುತ್ತಿತ್ತು, ಮುಖ ಇದ್ದಿದ್ದರೆ.

ಗ್ರಹಣ ಬಿಟ್ಟಾಗ ನಾನಾಗಿ ಬಿದ್ದದ್ದು ಒಂದು ಸಲವೂ ಇಲ್ಲ. ಸ್ನಾನಕ್ಕೆ ಏಳುವ ಗಡಿಬಿಡಿಯಲ್ಲಿ ಯಾರದೋ ಕಾಲು ಪರಾತಕ್ಕೆ ತಾಗುತ್ತಿತ್ತು. ಎಲ್ಲರೂ “ಬಿಡ್ತು, ಬಿಡ್ತು” ಎಂದು ಹೊರಡುತ್ತಿದ್ದರು. ನಾನು ಮತ್ತೆ ಮೂಲೆಗೆ ಹೋಗಿ, ಮುಂದಿನ ಗ್ರಹಣಕ್ಕೆ ಕಾಯುತ್ತಿದ್ದೆ. ಕೆಲವು ಸಲ ವರ್ಷಗಟ್ಟಲೆ ಕಾದೆ.

ನೀಲಗಂಗವ್ವನ ಮೊಮ್ಮಗಳು ದಾಕ್ಷಾಯಣಿ ಆರನೆಯ ಇಯತ್ತೆಯಲ್ಲಿದ್ದಾಗ ಚಳಿಗಾಲದಲ್ಲಿ ಒಂದು ಸೂರ್ಯಗ್ರಹಣ ಬಂತು. ಶಾಲೆಯ ಟೀಚರ್ ಅದನ್ನು ಮೊದಲೇ ವಿವರಿಸಿದ್ದರು. ಹುಡುಗಿ ಮನೆಗೆ ಬಂದು ಉರಿಯುವ ಬಲ್ಬಿನ ಎದುರು ತೆಂಗಿನಕಾಯಿ ಹಿಡಿದಳು, ನಡುವೆ ನಿಂಬೆಹಣ್ಣು ತಂದಳು. ನಿಂಬೆಯ ನೆರಳು ತೆಂಗಿನಕಾಯಿಯ ಮೇಲೆ ಚುಕ್ಕೆಯಂತೆ ಬಿತ್ತು.

“ಇದು ಸೂರ್ಯ, ಇದು ನಾವಿರೋ ಭೂಮಿ. ಚಂದ್ರ ನಡುವ ಬಂದಾಗ ಅವನ ನೆರಳು ನಮ್ಮ ಮ್ಯಾಲೆ ಬೀಳತೈತಿ. ಅಷ್ಟ, ಆಯಿ. ರಾಹುನೂ ಇಲ್ಲ, ಕೇತುನೂ ಇಲ್ಲ.”

ಆಯಿ, ಅಂದರೆ ಅವಳ ಅಜ್ಜಿ ನೀಲಗಂಗವ್ವ, ಬಲ್ಬು ಆರಿಸಿ ಕೇಳಿದಳು: “ಹಂಗಾದ್ರ ವನಕಿ ಹೆಂಗ ನಿಲ್ಲತೈತಿ, ಹೇಳು?”

ದಾಕ್ಷಾಯಣಿ ಮೂಲೆಗೆ ಬಂದು ನನ್ನ ಬುಡ ಮುಟ್ಟಿ ನೋಡಿದಳು. ಉತ್ತರ ನನಗೆ ತಿಳಿದಿತ್ತು. ಅವಳಿಗೆ ಎಂದೂ ತಿಳಿಯದಿರಲಿ ಎಂದು ಆಸೆಪಟ್ಟೆ. ಉತ್ತರ ಸಿಕ್ಕರೆ ನನ್ನ ಸುತ್ತ ಜನ ಸೇರುವ ದಿನವೂ ಮುಗಿಯುತ್ತಿತ್ತು.

ಗ್ರಹಣದ ಬೆಳಿಗ್ಗೆ ಎಂದಿನಂತೆ ನಿಂತೆ, ಎಂದಿನಂತೆ ಕೆಡವಿಸಿಕೊಂಡೆ. ಶಾಲೆಯಲ್ಲಿ ವಿಶೇಷ ಕನ್ನಡಕ ಹಾಕಿಕೊಂಡು ಗ್ರಹಣ ನೋಡಿ ಬಂದ ಹುಡುಗಿ, ಹೆಂಗಸರೆಲ್ಲ ಇನ್ನೂ ಪಡಸಾಲೆಯಲ್ಲಿರುವಾಗಲೇ ನನ್ನನ್ನು ಎತ್ತಿ, ನೀರಿಲ್ಲದ ಬರಿ ನೆಲದ ಮೇಲೆ ನಿಲ್ಲಿಸಿದಳು. ಮೆಲ್ಲಗೆ ಕೈ ಬಿಟ್ಟಳು. ಬಿದ್ದುಬಿಡೋಣ ಎನಿಸಿತು. ಆದರೆ ಮೌನೇಶಪ್ಪ ಕೊಯ್ದ ಬುಡ ನನ್ನ ಮಾತು ಕೇಳಲಿಲ್ಲ.

“ಗ್ರಹಣ ಬಿಟ್ಟೈತಿ, ಆದ್ರೂ ನಿಂತೈತಿ ನೋಡ್ರಿ!” ಎಂದು ಅವಳು ಕುಣಿದಳು.

ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಉಳಿದವರೂ ನಕ್ಕರು. ನೀಲಗಂಗವ್ವ ನಗಲಿಲ್ಲ. ಎಲ್ಲರೂ ಹೋದ ಮೇಲೆ, “ಓಣ್ಯಾಗ ನನ್ನ ಮಾರಿ ಇಲ್ದಂಗ ಮಾಡಿದಿ” ಎಂದಷ್ಟೇ ಮೊಮ್ಮಗಳಿಗೆ ಹೇಳಿ, ನನ್ನನ್ನು ಮೂಲೆಗೆ ಕೊಂಡೊಯ್ದಳು. ಈ ಸಲ ಮುಖವನ್ನು ಗೋಡೆಗೆ ತಿರುಗಿಸಿದ ಹಾಗೆ ಇಟ್ಟಳು. ಒನಕೆಗೆ ಹಿಂದು ಮುಂದು ಇಲ್ಲ, ಆದರೂ ನನಗೆ ಹಾಗೆ ಅನ್ನಿಸಿತು. ಬೇಸಿಗೆಯ ಮೊದಲು ಒಂದು ಚಂದ್ರಗ್ರಹಣ ಬಂತು. ಪರಾತ ಅಟ್ಟದಿಂದ ಇಳಿಯಲಿಲ್ಲ, ಯಾರೂ ಬರಲಿಲ್ಲ. ಇನ್ನು ನನಗೆ ಕಾಯಲಿಕ್ಕೂ ಏನೂ ಉಳಿದಿರಲಿಲ್ಲ.

ಹಾಗಿರುವಾಗ ರಜೆಯಲ್ಲಿ ದಾಕ್ಷಾಯಣಿ ಅಂಗಳದಲ್ಲಿ ಏನೋ ಹೊಸ ಆಟ ಹೂಡಿದಳು. ಕುಂಡದಲ್ಲಿ ಒಂದು ಕೋಲು ನೆಟ್ಟು, ಅದರ ನೆರಳು ಎಲ್ಲಿಗೆ ಬೀಳುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಕೋಲು ದಿನವೂ ವಾಲುತ್ತಿತ್ತು.

“ಏನ ಮಾಡಾಕತ್ತಿ?” ಎಂದಳು ನೀಲಗಂಗವ್ವ. ಬಹಳ ದಿನದ ನಂತರ ಅವಳಾಗಿ ಆಡಿದ ಮಾತು ಅದು.

“ಬಸವ ಜಯಂತಿ ಆಜೂಬಾಜೂಕ ಒಂದಿನ ಮಧ್ಯಾಹ್ನ ನೆರಳೇ ಇರೂದಿಲ್ಲಂತ, ಆಯಿ.”

“ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲೇ ಇರತಾನಲ್ಲ?”

“ಇಲ್ಲ. ಚಳಿಗಾಲದಾಗ ದಕ್ಷಿಣಕ್ಕ ಸರದಿರತಾನ, ಮಳೆಗಾಲ ಹತ್ತಿದಾಗ ಉತ್ತರಕ್ಕ. ಹೋಗೂವಾಗ ಒಮ್ಮೆ, ಬರೂವಾಗ ಒಮ್ಮೆ, ವರ್ಷಕ್ಕ ಎರಡ ಸಲ ಅಷ್ಟ ನಮ್ಮ ನೆತ್ತಿ ಮ್ಯಾಲೆ ಬರತಾನ. ಆದ್ರ ಕೋಲು ನೆಟ್ಟಗ ನಿಲ್ಲವಲ್ದು.”

ನೀಲಗಂಗವ್ವ ಒಳಗೆ ಬಂದು ನನ್ನ ಮೈಮೇಲಿನ ಜೇಡರ ಬಲೆಯನ್ನು ಸೆರಗಿನಿಂದ ಒರೆಸಿದಳು. “ನೆಟ್ಟಗ ನಿಲ್ಲೂದು ಬೇಕಲ್ಲ, ತಗೋ” ಎಂದು ಅಂಗಳದ ಹಾಸುಗಲ್ಲಿನ ಮೇಲೆ ನನ್ನನ್ನು ನಿಲ್ಲಿಸಿದಳು. ಕಣ್ಣಿದ್ದಿದ್ದರೆ ಅತ್ತುಬಿಡುತ್ತಿದ್ದೆ.

ಆ ದಿನ ಬಂತು. ನೀಲಗಂಗವ್ವ ತಾನೇ ಮನೆಮನೆಗೆ ಹೋಗಿ ಓಣಿಯವರನ್ನು ಕರೆದಳು. ಕಳೆದುಕೊಂಡ ಮಾನ ಅವತ್ತು ಮರಳಿ ಬರುತ್ತದೆಂಬ ಆಸೆ ಅವಳಿಗೆ. ಜನ ಮರಳಿ ಬರುತ್ತಾರೆಂಬ ಆಸೆ ನನಗೆ. ಗಡಿಯಾರ ಹನ್ನೆರಡು ಹೊಡೆಯಿತು. ಎಲ್ಲರೂ ಬಗ್ಗಿ ನೋಡಿದರು. ನನ್ನ ಬುಡದಲ್ಲಿ ಅರ್ಧ ಗೇಣು ನೆರಳು ಹಾಯಾಗಿ ಮಲಗಿತ್ತು.

“ಗ್ರಹಣಕ್ಕೂ ಸುಳ್ಳು, ನೆರಳಿಗೂ ಸುಳ್ಳು. ಚಲೋ ವನಕಿ ಇಟ್ಟೀಯವ್ವ!” ಎಂದಳು ಕಸ್ತೂರೆವ್ವ. ಬಿಸಿಲು ಬೇರೆ ಸುಡುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಹೋದರು.

ಅಂಗಳ ಬರಿದಾಯಿತು. ದಾಕ್ಷಾಯಣಿಯ ಕಣ್ಣಲ್ಲಿ ನೀರು. ಅವರೆಲ್ಲ ಮಾಡಿದ ತಪ್ಪು ಇಷ್ಟೇ: ಗಡಿಯಾರವನ್ನು ನಂಬಿದರು. ಗಡಿಯಾರದ ಹನ್ನೆರಡು ಇಡೀ ದೇಶಕ್ಕೆ ಒಂದೇ. ಸೂರ್ಯನ ಮಧ್ಯಾಹ್ನ ಊರೂರಿಗೆ ಬೇರೆ. ಮೂಡಣದ ಊರುಗಳನ್ನು ದಾಟಿ ಅವನು ನಮ್ಮ ನೆತ್ತಿಗೆ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಆದರೆ ನೀಲಗಂಗವ್ವ ಕದಲಲಿಲ್ಲ. ತಲೆ ಮೇಲೆ ಸೆರಗು ಹೊದ್ದು ನನ್ನ ಬುಡವನ್ನೇ ನೋಡುತ್ತಿದ್ದಳು. “ನೆರಳು ಸರಿಯಾಕತ್ತೈತಿ” ಎಂದಳು ಒಮ್ಮೆಲೆ. ನಿಜ. ಅರ್ಧ ಗೇಣು ಮೂರು ಬೆರಳಾಯಿತು, ಬೆರಳಾಯಿತು, ಗೆರೆಯಾಯಿತು. ಆಮೇಲೆ ಏನೂ ಇರಲಿಲ್ಲ.

ದಾಕ್ಷಾಯಣಿ ಕಿರುಚಿಕೊಂಡು ಎಲ್ಲರನ್ನೂ ಕರೆಯಲು ಬೀದಿಗೆ ಓಡಿದಳು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಮೂಲೆಯಲ್ಲಿದ್ದ ಅಷ್ಟೂ ವರ್ಷ, ಬೆಳಕು ಇಣುಕಿದಾಗಲೆಲ್ಲ ಒಂದು ನೆರಳಾದರೂ ನನ್ನ ಜೊತೆಗಿತ್ತು. ಈಗ ಇಷ್ಟು ಬೆಳಕಿನಲ್ಲಿ ಅದೂ ಇಲ್ಲ. ಅಂಥ ಒಂಟಿತನ ನಾನು ಹಿಂದೆ ಕಂಡಿರಲಿಲ್ಲ.

ನೀಲಗಂಗವ್ವ ಎದ್ದು ಹತ್ತಿರ ಬಂದಳು. “ನಿನಗ ಯಾರೂ ಇಲ್ದಂಗಾತಲ್ಲೋ” ಎಂದಳು. ಆ ಮನೆಯಲ್ಲಿ ಯಾರಾದರೂ ನನ್ನೊಂದಿಗೆ ಮಾತಾಡಿದ್ದು ಅದೇ ಮೊದಲು.

ಜನ ಬರುವಷ್ಟರಲ್ಲಿ ನೆರಳು ಆಚೆ ಬದಿಗೆ, ಮೂಡಣಕ್ಕೆ ಇಣುಕಿತ್ತು. ಕಸ್ತೂರೆವ್ವ ನಂಬಲಿಲ್ಲ. “ನಂಬದಿದ್ರ ಬಿಡು. ನಾ ನೋಡೀನಿ” ಎಂದಳು ನೀಲಗಂಗವ್ವ. ಸೋತವಳ ದನಿ ಅದಾಗಿರಲಿಲ್ಲ.

ಈಗ ಅವಳಿಲ್ಲ. ದಾಕ್ಷಾಯಣಿ ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ನಾನು ಅಟ್ಟದ ಮೇಲೆ, ತೂತುಬಿದ್ದ ಬುಟ್ಟಿಗಳ ನಡುವೆ ಮಲಗಿದ್ದೇನೆ. ಇಲ್ಲಿ ಗ್ರಹಣವೂ ತಿಳಿಯುವುದಿಲ್ಲ, ಮಧ್ಯಾಹ್ನವೂ ತಿಳಿಯುವುದಿಲ್ಲ. ಗ್ರಹಣಕ್ಕೆ ಸೇರುತ್ತಿದ್ದ ಆ ಗುಂಪು ಈಗ ಹೆಚ್ಚು ನೆನಪಾಗುವುದಿಲ್ಲ. ಅವರು ನೋಡಲು ಬರುತ್ತಿದ್ದದ್ದು ನನ್ನನ್ನಲ್ಲ.

ನೆನಪಾಗುವುದು ಆ ಒಂದು ಗಳಿಗೆ. ಹುಡುಗಿ ಬೀದಿಯಲ್ಲಿ ಕೂಗುತ್ತಿದ್ದಳು. ನೀಲಗಂಗವ್ವ ಆ ಮಾತು ಆಡಿ, ನನ್ನ ನಡುವಿನ ಮೇಲೆ ಕೈ ಇಟ್ಟಳು. ನೆಟ್ಟಗೆ ನಿಂತವನಿಗೆ ಆಸರೆ ಬೇಕಿರಲಿಲ್ಲ; ಆದರೂ ಇಟ್ಟಳು, ತೆಗೆಯಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ನನ್ನ ನೆರಳು ಇರಲಿಲ್ಲ. ನನ್ನ ಬುಡದಲ್ಲಿ ಅವಳ ಕೈಯ ನೆರಳು ಬಿದ್ದಿತ್ತು.