ಬೋಳಾದ ಗುಡ್ಡ

ಮರಗಳನ್ನು ತೆಗೆದುಹಾಕುವುದು ಒಂದೇ ಗುಂಡಿಯ ಕೆಲಸ. ಕಹು ಅದನ್ನು ಒತ್ತಿದಳು. ಊರಿನ ಸಾಮೂಹಿಕ ಊಟದ ಮನೆಯ ಗೋಡೆಯ ಮೇಲೆ ಚಿತ್ರವಾಗಿ ಅಷ್ಟು ಹೊತ್ತು ಹಚ್ಚಗೆ ನಿಂತಿದ್ದ ಪುಕೆಮೋಹು ಗುಡ್ಡ ಕಣ್ಣು ಮಿಟುಕಿಸುವಷ್ಟರಲ್ಲಿ ಬೋಳಾಯಿತು. ಜರೀಗಿಡವಿಲ್ಲ, ಪೈನ್ ಇಲ್ಲ, ಬರೀ ಬೂದು ಬಣ್ಣದ ಮೈ. ನೆತ್ತಿಯ ಹತ್ತಿರ ಉದ್ದನೆಯ ಬಿರುಕು. ಅದರ ಕೆಳಗೆ ಎಂಟು ಮನೆ.

ಆ ಬಿರುಕನ್ನು ತೋರಿಸಲೆಂದೇ ಅವಳು ಪಟ್ಟಣದ ಸರ್ವೆ ಕಚೇರಿಯಿಂದ ತನ್ನೂರಿಗೆ ಬಂದಿದ್ದಳು. ಹಿಂದಿನ ತಿಂಗಳ ಮಳೆಗೆ ಗುಡ್ಡದ ಒಂದು ಪಕ್ಕೆ ಜಾರಿ ಅವಳ ದೊಡ್ಡಪ್ಪ ಹೋಹೆಪಾನನ್ನು ದೋಣಿಯ ಶೆಡ್ಡಿನ ಸಮೇತ ನುಂಗಿತ್ತು. ಇನ್ನೊಂದು ಮಳೆ ದಾರಿಯಲ್ಲಿತ್ತು. ಅದಕ್ಕೆ ಮುಂಚೆ ಎಂಟು ಮನೆಯವರೂ ಜಾಗ ಬಿಡಬೇಕು. ಬಾಯಲ್ಲಿ ಹೇಳಿದರೆ ಕೇಳುವ ಜಾತಿಯಲ್ಲ ಇವರು, ಕಣ್ಣಾರೆ ಕಂಡರೆ ಕೇಳಿಯಾರು ಎಂದು ಡ್ರೋನ್ ಹಾರಿಸಿ, ಎಲೆಗಳ ಸಂದಿಯಲ್ಲಿ ಲೇಸರ್ ಚುಕ್ಕಿಗಳನ್ನು ಇಳಿಸಿ ನೆಲದ ರೂಪ ಹಿಡಿದು ತಂದಿದ್ದಳು.

ಬಿರುಕಿನ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಟೂಯಿ ದೊಡ್ಡಮ್ಮ ಎದ್ದಳು. ಹೋಹೆಪಾನ ಹೆಂಡತಿ, ಆಳು ಎತ್ತರ, ಅದಕ್ಕೆ ತಕ್ಕ ಗಂಟಲು. ಪಕ್ಕದ ಮೇಜಿನ ಹಾಸುಬಟ್ಟೆಯನ್ನು ಸರ್ರನೆ ಎಳೆದು ಪ್ರೊಜೆಕ್ಟರಿನ ಮೇಲೆ ಹೊದಿಸಿದಳು. ಎರಡು ಲೋಟ ಉರುಳಿದವು. ಗುಡ್ಡ ಮಾಯವಾಯಿತು.

"ತಾತನ ಬಟ್ಟೆ ಬಿಚ್ಚಿ ಊಟದ ಮನೇಲಿ ನಿಲ್ಸಿದೀಯಲ್ಲೇ ಕಹು. ಅದೂ ಊರೋರಲ್ಲದವರ ಮುಂದೆ, ಅವರು ಪಾವ್ಲೋವಾ ತಿಂತಾ ಕೂತಿರೋವಾಗ."

ಪಟ್ಟಣದಿಂದ ಬಂದ ಇಬ್ಬರು ಅಧಿಕಾರಿಗಳೂ ಪತ್ರಿಕೆಯ ಹುಡುಗಿಯೂ ಬಾಯಲ್ಲಿದ್ದ ಪಾವ್ಲೋವಾ ಸಿಹಿಯನ್ನು ನುಂಗಬೇಕೋ ಬೇಡವೋ ತಿಳಿಯದೆ ಕೂತರು. ಕಹುಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹತ್ತು ನಿಮಿಷದ ಹಿಂದೆ ಎದ್ದು ನಿಂತು, ತಮ್ಮ ಜನರ ಪದ್ಧತಿಯಂತೆ ಮೊದಲು ಗುಡ್ಡದ ಹೆಸರು, ಆಮೇಲೆ ಹೊಳೆಯ ಹೆಸರು, ಕೊನೆಗೆ ತನ್ನ ಹೆಸರು ಹೇಳಿಕೊಂಡವಳು ಅವಳೇ. ಗುಡ್ಡ ನಮ್ಮ ಮೂಲಪುರುಷ, ನಮ್ಮ ತಾತ ಎಂದು ಎದೆಯುಬ್ಬಿಸಿ ಹೇಳಿ, ಮರುಕ್ಷಣ ಅವನನ್ನು ಬೆತ್ತಲೆ ಮಾಡಿದ್ದಳು. ಕಚೇರಿಯಲ್ಲಿ ಕೂತಾಗ ಅದು ಬರೀ ಚುಕ್ಕಿಗಳ ರಾಶಿಯಾಗಿತ್ತು.

ಸಭೆ ಮುರಿಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಾಮತಿ, ಸತ್ತವನ ದಾಯಾದಿ, ಎಂಟು ಮನೆಯವರಲ್ಲೊಬ್ಬ, ಎಲ್ಲರಿಗೂ ಕೇಳುವಂತೆ ಗೊಣಗಿದ. ಟೂಯಿಗೆ ತಾತನ ಮಾನದ ಚಿಂತೆಯೋ ಗಂಡನ ಮಾನದ ಚಿಂತೆಯೋ ಯಾರಿಗೆ ಗೊತ್ತು, ದೋಣಿಗೆ ಜಾಗ ಬೇಕೆಂದು ಗುಡ್ಡದ ಬುಡ ಅಗೆದವನು ಅವನೇ ತಾನೇ, ಎಂದ. ಈ ಮಾತು ಊರಲ್ಲಿ ತಿಂಗಳಿನಿಂದ ಓಡಾಡುತ್ತಿತ್ತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಸತ್ತವನಂತೂ ಎದ್ದು ಬಂದು ಉತ್ತರ ಕೊಡಲಾರ.

ಮರುದಿನ ಕಹು ಕರಿದ ರೊಟ್ಟಿ ಕಟ್ಟಿಕೊಂಡು ದೊಡ್ಡಮ್ಮನ ಮನೆಗೆ ತಪ್ಪೊಪ್ಪಿಕೊಳ್ಳಲು ಹೋದಳು. ಎಂಟು ಮನೆಗಳಲ್ಲಿ ಅದೂ ಒಂದು. ಟೂಯಿ ಗೆಣಸು ಹೆರೆಯುತ್ತಿದ್ದಳು. ಪತ್ರಿಕೆಯಲ್ಲಿ ಚಿತ್ರ ಬರದಂತೆ ತಡೆದಿದ್ದೇನೆ, ಇನ್ನು ಯಾರಿಗೂ ತೋರಿಸುವುದಿಲ್ಲ, ಆದರೆ ಮನೆ ಮಾತ್ರ ಬಿಡಿ ಎಂದು ಕಹು ಗೋಗರೆದಳು. ಟೂಯಿ ಒಂದು ಗೆಣಸು ಮುಗಿಸಿ ಇನ್ನೊಂದನ್ನು ಎತ್ತಿಕೊಂಡಳು.

"ಆ ಬೋಳು ಮೈ ಮೇಲೆ ಅವನು ಅಗೆದದ್ದು ಕಾಣ್ಸುತ್ತಾ?"

"ಕಾಣಿಸಬಹುದು ದೊಡ್ಡಮ್ಮ. ನಾನು ಬಿರುಕಿನ ಹಿಂದೇನೇ ಬಿದ್ದಿದ್ದೆ, ಬುಡ ನೋಡ್ಲಿಲ್ಲ."

ಟೂಯಿಯ ಚಾಕು ನಿಂತಿತು. ಊರಿನವರೆಲ್ಲ ನೆರೆದಿರುವಾಗ ಗಂಡನ ತಪ್ಪು ಗೋಡೆಯಷ್ಟು ದೊಡ್ಡದಾಗಿ ಕಾಣುವುದನ್ನು ಅವಳು ತಿಂಗಳಿಡೀ ಕನಸಿನಲ್ಲಿ ಕಂಡಿದ್ದಳಂತೆ. ಹೇಳುವಾಗ ಅವಳ ದೊಡ್ಡ ಗಂಟಲು ಸಣ್ಣಗಾಯಿತು. ಆಮೇಲೆ ಕೈ ಒರೆಸಿಕೊಂಡಳು.

"ತಾತ ಹಾಸಿಗೆ ಹಿಡಿದ್ರೆ ಬಟ್ಟೆ ಬಿಚ್ಚೋರು ಯಾರು? ಮೈ ತೊಳೆಯೋ ಮೊಮ್ಮಕ್ಕಳು. ಬಾಗ್ಲು ಹಾಕ್ಕೊಂಡು. ಹಾಗೇ ತೋರ್ಸು. ಹೋಹೆಪಾ ಸಿಕ್ಕಿಬಿದ್ರೆ ಬೀಳ್ಲಿ. ಎಂಟು ಮನೆ ಮಕ್ಕಳಿಗಿಂತ ನನ್ನ ಗಂಡನ ಹೆಸರು ದೊಡ್ಡದಲ್ಲ."

ಭಾನುವಾರ ಮಧ್ಯಾಹ್ನ ಹಿರಿಯರ ಕೆತ್ತನೆಗಳಿರುವ ಸಭಾಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಚಪ್ಪಲಿ ಹೊರಗೆ, ತಿಂಡಿ ಹೊರಗೆ, ಪಟ್ಟಣದವರು ಇನ್ನೂ ಹೊರಗೆ. ಟೂಯಿ ಪ್ರಾರ್ಥನೆ ಹೇಳಿ, ಬಟ್ಟೆ ಸರಿಸುವುದಕ್ಕೆ ತಾತನ ಅಪ್ಪಣೆ ಬೇಡಿದಳು. ಆಮೇಲೆಯೇ ಕಹು ಗುಂಡಿ ಒತ್ತಿದಳು.

ಬಿರುಕನ್ನು ಕಂಡು ಜನ ಅದರ ಕೆಳಗೆ ತಮ್ಮ ತಮ್ಮ ಮನೆ ಹುಡುಕಿದರು. ಆಮೇಲೆ ಕಣ್ಣುಗಳು, ತಡೆಯಲಾಗದೆ, ಗುಡ್ಡದ ಬುಡಕ್ಕೆ ಇಳಿದವು. ಕಹು ಕೂಡ ಆಗಲೇ ಸರಿಯಾಗಿ ನೋಡಿದ್ದು.

ಹೋಹೆಪಾ ಅಗೆದದ್ದು ಅಲ್ಲಿತ್ತು, ಅರ್ಧ ಮಣ್ಣು ಮುಚ್ಚಿಕೊಂಡು. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು. ಪೊದೆಗಳ ಮರೆಯಲ್ಲಿ ಒಂದೊಂದು ಮನೆಯ ಹಿತ್ತಿಲೂ ತಾತನ ಪಾದವನ್ನು ಕಚ್ಚಿ ತಿಂದಿತ್ತು. ಕೋಳಿಗೂಡಿಗೆ, ಸೌದೆಗೆ, ಕಾರಿಗೆ. ಎಲ್ಲಕ್ಕಿಂತ ದೊಡ್ಡ ಕಚ್ಚು ಯಾರದೆಂದು ಮನೆ ಎಣಿಸಿ ಹೇಳಬೇಕಾಗಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದ್ದವನು ಕೂತಲ್ಲೇ ಕೊಸರಾಡಿದ.

"ನೀರಿನ ತೊಟ್ಟಿಗೆ ಅಂತ ಸ್ವಲ್ಪ ತೆಗ್ದಿದ್ದೆ," ಎಂದ ತಾಮತಿ.

"ಸ್ವಲ್ಪನಾ? ಅಲ್ಲಿ ಶಾಲೆ ಬಸ್ಸು ತಿರುಗ್ಸಬಹುದು," ಎಂದಿತು ಹಿಂದಿನ ಸಾಲಿನ ಒಂದು ದನಿ.

ನಗು ಎದ್ದಿತು, ಬಂದಷ್ಟೇ ಬೇಗ ಇಂಗಿತು. ನಕ್ಕವರಲ್ಲೂ ಅಗೆಯದವರು ಇರಲಿಲ್ಲ. ಆಮೇಲಿನದೆಲ್ಲ ಸಲೀಸಾಯಿತು. ನಾಳೆಯೇ ಖಾಲಿ ಮಾಡುವುದು, ಮುದುಕರು ಸಭಾಮನೆಯಲ್ಲಿ ಮಲಗುವುದು, ಲಾರಿ ತಾಮತಿಯದು. ಲಾರಿಯ ಮಾತನ್ನು ಅವನೇ ಎತ್ತಿದ.

ಎಲ್ಲರೂ ಹೊರಟ ಮೇಲೆ ಟೂಯಿ ಗೋಡೆಯ ಹತ್ತಿರ ಹೋದಳು. ಗಂಡನ ಕಚ್ಚಿನ ಮೇಲೆ ಅಂಗೈ ಇಟ್ಟಳು; ಅದು ಪೂರಾ ಮುಚ್ಚಿಹೋಯಿತು.

"ಅವನು ಅಗೀದೇ ಇದ್ದಿದ್ರೆ ಬದುಕ್ತಿದ್ನಾ?"

ಇಲ್ಲ, ಹೇಗೂ ಜಾರುತ್ತಿತ್ತು ಎಂದುಬಿಟ್ಟರೆ ಸಮಾಧಾನವಾದೀತು ಎಂದು ಕಹುಗೆ ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿಲ್ಲ ದೊಡ್ಡಮ್ಮ. ಲೇಸರ್ ಅಷ್ಟೆಲ್ಲ ಹೇಳಲ್ಲ."

"ಅವನೊಬ್ಬನೇ ಅಲ್ಲ ತಾನೆ?"

"ಅವರೊಬ್ಬರೇ ಅಲ್ಲ."

ಟೂಯಿ ಚಾಪೆಯ ಮೇಲೆ ಕುಸಿದು ಕೂತಳು. ಗಂಡನನ್ನು ಮಣ್ಣು ಮಾಡುವಾಗಲೂ ಊರವರ ಕಣ್ಣಿಗೆ ಹೆದರಿ ತುಟಿ ಕಚ್ಚಿದ್ದವಳು ಈಗ ಬಾಯಿಬಿಟ್ಟು ಅತ್ತಳು. ಆ ದನಿಗೆ ತಾಮತಿ ಬಾಗಿಲಿಂದ ವಾಪಸ್ಸು ಬಂದ. ಮಂಡಿಯೂರಿ, ಅವರ ಜನ ಉಸಿರು ಹಂಚಿಕೊಳ್ಳುವ ರೀತಿಯಲ್ಲಿ, ತನ್ನ ಹಣೆಯನ್ನೂ ಮೂಗನ್ನೂ ಅವಳ ಹಣೆಗೆ, ಮೂಗಿಗೆ ತಾಗಿಸಿದ. ಅವಳು ಅವನನ್ನು ತಳ್ಳಲಿಲ್ಲ.