ದೊಡ್ಡ ಪಿಟೀಲಿಗೊಂದು ಕಲ್ಲುಪೀಠ

ಹೆಬ್ಬಾಳದ ದ್ರಾಕ್ಷಿ ತೋಟದ ಮುನಿಆಂಜಿನಪ್ಪನವರಿಗೆ ಸಂಗೀತದ ಹುಚ್ಚು ಹಿಡಿದದ್ದು ಐವತ್ತನೆಯ ವಯಸ್ಸಿನಲ್ಲಿ, ಅದೂ ಒಂದು ಹರಾಜಿನಲ್ಲಿ. 1959ರ ಬೇಸಿಗೆ. ಬೆಂಗಳೂರು ದಂಡಿನ ಕಡೆ ಕುಣಿತದ ಹೋಟೆಲೊಂದು ಮುಚ್ಚಿ, ಅಲ್ಲಿನ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದರು. ಇವರು ಹೋಗಿದ್ದು ಕುರ್ಚಿ ಕೊಳ್ಳಲು. ಇವರು ಅಧ್ಯಕ್ಷರಾಗಿದ್ದ ಲಲಿತಕಲಾ ಸಂಘದಲ್ಲಿ ಕುರ್ಚಿಗಳಿರಲಿಲ್ಲ. ಕಲೆಯೂ ಇರಲಿಲ್ಲ, ಆದರೆ ಕಲೆಯಿಲ್ಲದೆ ಯಾರ ಕಾಲೂ ನೋಯುತ್ತಿರಲಿಲ್ಲ.

ಮೂಲೆಯಲ್ಲಿ ಆಳೆತ್ತರದ ಪಿಟೀಲೊಂದು ಗೋಡೆಗೆ ಒರಗಿತ್ತು. ಇದನ್ನು ಡಬಲ್ ಬೇಸ್ ಅಂತಾರೆ, ನೆಲಕ್ಕೆ ಊರಿ ನಿಂತುಕೊಂಡೇ ನುಡಿಸಬೇಕು ಎಂದು ಹರಾಜಿನವನು ವಿವರಿಸಿದ. ಯಲಹಂಕದ ಸಂಘದ ಕಾರ್ಯದರ್ಶಿ ಚಿಕ್ಕಹನುಮಯ್ಯನವರ ಹತ್ತಿರ ಇದ್ದದ್ದು ಬರೀ ತೋಳುದ್ದದ ಪಿಟೀಲು. ಮುನಿಆಂಜಿನಪ್ಪನವರು ಮತ್ತೆ ಯೋಚಿಸಲಿಲ್ಲ. ವಾದ್ಯವನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ, ಬಿಸಿಲು ತಾಗದಂತೆ ಬಿಳಿ ಪಂಚೆ ಹೊದಿಸಿ ತಂದರು. ದಾರಿಯಲ್ಲಿ ಇಬ್ಬರು ಸೈಕಲ್ ಇಳಿದು, ಹೋದವರು ಯಾರೆಂದು ಮೆಲ್ಲಗೆ ವಿಚಾರಿಸಿದರು.

ನುಡಿಸಲು ಯಶವಂತಪುರದ ಮೊಯಿನುದ್ದೀನ್ ಸಿಕ್ಕಿದ. ಇಪ್ಪತ್ತು ವರ್ಷ ದಂಡಿನ ವಾದ್ಯಮೇಳಗಳಲ್ಲಿ ಇದೇ ವಾದ್ಯ ನುಡಿಸಿದವನು. ಮೇಳಗಳು ಒಂದೊಂದಾಗಿ ಎದ್ದುಹೋದ ಮೇಲೆ ಸೈಕಲ್ ರಿಪೇರಿಗೆ ಇಳಿದಿದ್ದ. ಅವನು ವಾದ್ಯವನ್ನು ಮುನಿಆಂಜಿನಪ್ಪನವರ ಹಜಾರದಲ್ಲಿ ನಿಲ್ಲಿಸಿ, ಬುಡದಲ್ಲಿದ್ದ ಕಬ್ಬಿಣದ ಮೊಳೆಯನ್ನು ಹೊರಗೆಳೆದು ಬಿಗಿಮಾಡಿ, ಕಮಾನು ಎಳೆದ. ನೆಲವೋ ಮುಖ ಕಾಣುವಂಥ ಕೆಂಪು ಗಾರೆ. ವಾದ್ಯ ಒಂದು ಸಲ ಕೆಮ್ಮಿ, ಬುಡ ಜಾರಿ, ಮೊಯಿನುದ್ದೀನನನ್ನು ಬಿಟ್ಟು ದೇವರ ಮನೆಯ ಕಡೆಗೆ ಹೊರಟಿತು. ಅವನು ಕತ್ತು ಹಿಡಿದು ವಾಪಸ್ ಕರೆತಂದ.

"ನೆಲ ಜಾರ್ತದೆ ಸಾಬ್. ಗಾರೆ ಮೇಲೆ ದನೀನೂ ಏಳಲ್ಲ," ಎಂದ. "ಒಂದು ಮರದ ಹಲಗೆ ಕೊಡಿ. ಅದರಾಗೆ ಚಿಕ್ಕ ತೂತು ಮಾಡ್ತೀನಿ, ಮೊಳೆ ಅಲ್ಲೇ ಕೂತ್ಕೊಂತದೆ. ಹಲಗೆ ಕೆಳಗೆ ಟೊಳ್ಳು ಇದ್ರೆ ಇನ್ನೂ ಚೆಂದ. ಅದೂ ಜೊತೆಗೆ ಹಾಡ್ತದೆ."

"ಎಂಥಾ ಹಲಗೆ?"

"ಎಂಥದಾದ್ರೂ ನಡೀತದೆ. ಊಟದ ಮಣೆ ಇದ್ರೂ ಸಾಕು."

ಮಣೆ ಎಂಬ ಮಾತು ಮುನಿಆಂಜಿನಪ್ಪನವರಿಗೆ ಚುಚ್ಚಿತು. ಸಂಘದ ವಾರ್ಷಿಕೋತ್ಸವಕ್ಕೆ ಉಪಮಂತ್ರಿಗಳು ಬರುವವರಿದ್ದರು. ಅವರೆದುರು ಹೋಬಳಿಯಲ್ಲೇ ಎತ್ತರದ ವಾದ್ಯ ಊಟದ ಮಣೆಯ ಮೇಲೆ ನಿಲ್ಲುವುದೇ? ಅಲ್ಲದೆ ಇಷ್ಟು ಸುಲಭದ ಪರಿಹಾರ ಸರಿಯಾದದ್ದಾಗಿರಲಾರದು ಎಂಬುದು ಅವರ ನಂಬಿಕೆ. ಆ ನಂಬಿಕೆಯಿಲ್ಲದಿದ್ದರೆ ಅಧ್ಯಕ್ಷರಾದವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಮಾಕಳಿಯ ಕಲ್ಲುಕುಟಿಗ ಬೈರಣ್ಣನಿಗೆ ಹೇಳಿಕಳಿಸಿದರು. ಹದಿನೈದು ದಿನದಲ್ಲಿ ಪೀಠ ಬಂತು. ಬೂದುಗಲ್ಲಿನದು, ಮೊಣಕಾಲೆತ್ತರ, ಮೂಲೆಗೊಂದರಂತೆ ನಾಲ್ಕು ಸಿಂಹ, ನಡುವೆ ಮೊಳೆ ಕೂರಲು ಒಂದು ಕುಳಿ. ಇಳಿಸಲು ಎಂಟು ಜನ ಬೇಕಾಯಿತು. ವಾದ್ಯ ಅದರ ಮೇಲೆ ಏರಿ ನಿಂತಾಗ ತೊಲೆ ಮುಟ್ಟುವಷ್ಟಾಯಿತು. ಮೊಯಿನುದ್ದೀನ್ ಸ್ಟೂಲು ಹತ್ತಿ ನುಡಿಸಿದ. ವಾದ್ಯ ಒಂದಿಷ್ಟೂ ಅಲುಗಲಿಲ್ಲ, ಅಲುಗುತ್ತಿದ್ದವನು ಮೊಯಿನುದ್ದೀನ್. ದನಿ ಮಾತ್ರ ಕಂಬಳಿಯೊಳಗೆ ಯಾರೋ ಗೊಣಗಿದಂತಿತ್ತು.

"ಕಲ್ಲು ದನಿ ನುಂಗ್ತದೆ ಸಾಬ್."

"ನುಂಗ್ಲಿ ಬಿಡಯ್ಯ. ದೊಡ್ಡೋರು ಮೆಲ್ಲಗೇ ಮಾತಾಡೋದು."

ಉತ್ಸವಕ್ಕೆ ಎರಡು ದಿನವಿರುವಾಗ ಮುನಿಆಂಜಿನಪ್ಪನವರು ಮಧ್ಯಾಹ್ನ ತೋಟದಿಂದ ಬಂದು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದರು. ಚೊಂಬಿನ ನೀರು ತಾನಾಗಿ ನಡುಗಿತು. ಅಡುಗೆಮನೆಯ ಹಿತ್ತಾಳೆ ಪಾತ್ರೆಗಳು ಗುಂಯ್ ಎಂದವು. ಒಳಗಿನಿಂದ ಒಂದು ನಾದ ಹೊಸ್ತಿಲು ದಾಟಿ, ಅವರ ಒದ್ದೆ ಅಂಗಾಲಿನಿಂದ ಮೇಲಕ್ಕೇರಿ ಹೊಟ್ಟೆಯಲ್ಲಿ ನಿಂತಿತು. ಹೊಟ್ಟೆಯೊಂದಿದೆಯೆಂದು ಊಟದ ಹೊತ್ತಿಗಷ್ಟೇ ಗೊತ್ತಿದ್ದ ಅವರಿಗೆ, ಅದರೊಳಗೆ ಇಷ್ಟೊಂದು ಖಾಲಿ ಜಾಗವಿದೆಯೆಂದು ತಿಳಿದದ್ದು ಅಂದೇ.

ಒಳಗೆ ಬಂದರೆ ವಾದ್ಯ ಪೀಠದ ಮೇಲಿಲ್ಲ. ರಾಗಿ ತುಂಬುವ ಹಳೆಯ ಮರದ ಪೆಟ್ಟಿಗೆ ಬರಿದಾಗಿತ್ತು, ಅದರ ಮುಚ್ಚಳದ ಮೇಲೆ ಮೊಳೆಯೂರಿ ಮೊಯಿನುದ್ದೀನ್ ಕಣ್ಣುಮುಚ್ಚಿ ನುಡಿಸುತ್ತಿದ್ದ. ಹೆಂಡತಿ ಮುನಿಗಂಗಮ್ಮ ಮಡಿಲಲ್ಲಿ ಮೊರ ಮರೆತು ಕೂತಿದ್ದರು.

"ಪೆಟ್ಟಿಗೆ ನಾನೇ ಕೊಟ್ಟೆ," ಎಂದರು ಆಕೆ. "ಇಂಗಿದ್ರೆ ಎಷ್ಟು ಚೆಂದಾಗೈತೆ ನೋಡಿ. ಆ ಕಲ್ಲು ಎತ್ತಾಕ್ಸಿ."

ಮುನಿಆಂಜಿನಪ್ಪನವರು ಪೆಟ್ಟಿಗೆಯ ಮೇಲೊಮ್ಮೆ ಕೈಯಿಟ್ಟು ನೋಡಿದರು. ಹೂಂ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಪೀಠದ ಸಿಂಹವೊಂದು ಕಣ್ಣಿಗೆ ಬಿತ್ತು. ಊರಿನ ಅರ್ಧ ಜನ ಆಗಲೇ ಬಂದು ಆ ಸಿಂಹಗಳನ್ನು ನೋಡಿಕೊಂಡು ಹೋಗಿದ್ದರು.

"ಮನೆಯೆಲ್ಲ ನಡುಗ್ತಾ ಅದೆ," ಎಂದರು. "ನಾಳೆ ಗೋಡೆ ಬಿರುಕು ಬಿಟ್ರೆ ಯಾರು ಕಟ್ಟಿಸ್ಕೊಡ್ತಾರೆ? ಕಲ್ಲಿನ ಮೇಲೇ ಇರ್ಲಿ."

ಮೊಯಿನುದ್ದೀನ್ ಕಮಾನಿನ ಕೂದಲು ಸಡಿಲಿಸಿದ. ಮುನಿಗಂಗಮ್ಮ ಮೊರ ಹಿಡಿದು ಕೇರಲು ಶುರುಮಾಡಿದರು, ಸ್ವಲ್ಪ ಜೋರಾಗಿಯೇ.

ಭಾನುವಾರ ನಾಲ್ಕು ಗಂಟೆಗೆ ಬಯಲಿನಲ್ಲಿ ಸಭೆ. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಗಣ್ಯರಿಗೆ ವೇದಿಕೆ ಕಟ್ಟಿದ್ದರು. ಪೀಠದ ಭಾರ ಅದು ತಡೆಯದೆಂದು ವಾದ್ಯವನ್ನು ಪೀಠಸಮೇತ ಕೆಳಗೆ, ಮಣ್ಣಿನ ಮೇಲೆ ನಿಲ್ಲಿಸಿದ್ದರು. ಮುನಿಆಂಜಿನಪ್ಪನವರು ಮಾತಿನಲ್ಲಿ ಹಕಾರ ಬಿಟ್ಟುಹೋಗದಿರಲೆಂದು ಬೇಡದ ಕಡೆಯೂ ಸೇರಿಸಿ, ತಮಗೆ ಬಹಳ ಹಾನಂದವಾಗಿದೆ ಎಂದರು. ಆಮೇಲೆ ಮೊಯಿನುದ್ದೀನ್ ಕರಿಕೋಟು ಹಾಕಿಕೊಂಡು ಸ್ಟೂಲು ಹತ್ತಿದ. ಕಮಾನು ಆಡುವುದು ಎಲ್ಲರಿಗೂ ಕಂಡಿತು. ಎರಡನೆಯ ಸಾಲಿನವರು ಇನ್ನೂ ಶುರುವಾಗಿಲ್ಲವೆಂದು ಮಾತಾಡಿಕೊಳ್ಳುತ್ತಿದ್ದರು. ಮೂರನೆಯ ಸಾಲಿನವರು ಮುಗಿಯಿತೆಂದು ಚಪ್ಪಾಳೆ ತಟ್ಟಿದರು.

ಉಪಮಂತ್ರಿಗಳು ವೇದಿಕೆ ಇಳಿದು ನೇರವಾಗಿ ವಾದ್ಯದ ಬಳಿಗೆ ಬಂದರು. ಮೊಯಿನುದ್ದೀನ್ ಬೆನ್ನು ಬಾಗಿಸಿದ. ಅವರು ಅವನನ್ನು ಸುತ್ತುಹಾಕಿ ಹೋಗಿ, ಕೂತು, ಒಂದು ಸಿಂಹದ ತಲೆ ನೇವರಿಸಿದರು.

"ಯಾವೂರ ಕಲ್ಲು ಇದು?"

"ಮಾಕಳಿ ಕಡೇದು ಸ್ವಾಮಿ."

"ನಮ್ಮ ಕ್ಷೇತ್ರದಲ್ಲಿ ಬುಧವಾರ ಒಂದು ವಿಗ್ರಹ ನಿಲ್ಲಿಸಬೇಕು. ವಿಗ್ರಹ ಬಂದಿದೆ, ಪೀಠ ಬಂದಿಲ್ಲ. ಅಳತೆ ಸರಿಹೋಗುತ್ತೆ."

"ತಗೊಂಡ್ಹೋಗಿ ಸ್ವಾಮಿ, ತಮ್ದೇ."

ವಾದ್ಯವನ್ನು ಕಿತ್ತು ವೇದಿಕೆಯ ಅಂಚಿಗೆ ಒರಗಿಸಿದರು. ಎಂಟು ಜನ ಕಲ್ಲನ್ನು ಡ್ರಮ್ಮು ತಂದಿದ್ದ ಲಾರಿಗೆ ಏರಿಸಿದರು. ಯಾರೋ ಅದಕ್ಕೊಂದು ಹಾರ ಹಾಕಿದರು. ಉಪಮಂತ್ರಿಗಳ ಕಾರು, ಹಿಂದೆ ಲಾರಿ. ಮುನಿಆಂಜಿನಪ್ಪನವರು ಕೈಮುಗಿದು ರಸ್ತೆಯ ಅಂಚಿನಲ್ಲಿ ನಿಂತರು. ಪಕ್ಕದಲ್ಲಿ ಯಲಹಂಕದ ಚಿಕ್ಕಹನುಮಯ್ಯನವರು, ಹೊಟ್ಟೆಕಿಚ್ಚಿನಿಂದ ಬಾಡಿ.

ಆಗ ಹಿಂದಿನಿಂದ ಆ ನಾದ ಎದ್ದಿತು. ಕೇಳುವವರಿಲ್ಲದ ಮೇಲೆ ಮೊಯಿನುದ್ದೀನ್ ವೇದಿಕೆ ಹತ್ತಿ, ಹಲಗೆಗಳ ಸಂದಿಗೆ ಮೊಳೆಯೂರಿ ಕಮಾನು ಎಳೆದಿದ್ದ. ಕೆಳಗಿನ ಖಾಲಿ ಡ್ರಮ್ಮುಗಳೆಲ್ಲ ಒಟ್ಟಿಗೆ ದನಿಗೂಡಿಸಿದವು. ಬಾಡಿಗೆ ಕುರ್ಚಿ ಮಡಿಸುತ್ತಿದ್ದವರು ಕೈ ನಿಲ್ಲಿಸಿ, ಮತ್ತೆ ಬಿಡಿಸಿಕೊಂಡು ಕೂತರು.

"ಏನ್ರೀ ಇದು, ಆಗ ಕೇಳ್ಲೇ ಇಲ್ವಲ್ಲ," ಎಂದರು ಚಿಕ್ಕಹನುಮಯ್ಯ.

ಮುನಿಆಂಜಿನಪ್ಪನವರಿಗೆ ಹೊಟ್ಟೆಯೊಳಗಿನ ಖಾಲಿ ಜಾಗ ಮತ್ತೆ ತುಂಬಿಕೊಂಡಿತು. ಒಂದು ಗಳಿಗೆ ಕಣ್ಣುಮುಚ್ಚಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇಷ್ಟು ದಿವ್ಸ ಕಲ್ಲಿನ ಮೇಲೆ ನಿಲ್ಸಿದ್ದು ಸುಮ್ನೆ ಅಲ್ಲ ಕಣ್ರೀ. ಈಗ ಹದಕ್ಕೆ ಬಂದದೆ."

ಚಿಕ್ಕಹನುಮಯ್ಯನವರು ಜೇಬಿನಿಂದ ಪೆನ್ನು ತೆಗೆದು, ಕಲ್ಲುಕುಟಿಗನ ಹೆಸರು, ಊರು ಕೇಳಿ ಬರೆದುಕೊಂಡರು.